ಹಿಂಗಾವಲು

"ಹನ್ನೆರಡು," ಎಂದ ಮುಂದಿದ್ದ ಸಫರ್, ತಿರುಗಿ ನೋಡದೆಯೇ.

"ಹದಿಮೂರು. ಮುಗೀತು!" ಎಂದು ಯಾದುಲ್ಲಾ ಕೂಗಿದ. ಸಾಲಿನ ತಲೆಯಲ್ಲಿದ್ದ ಕಾಮ್ರಾನನಿಗೆ ಕೇಳಿಸಬೇಕಾದ ಕೂಗು ಅದು. ಅರವತ್ತೇಳು ತುಂಬಿದ್ದರೂ ಯಾದುಲ್ಲಾನ ಗಂಟಲು ಇನ್ನೂ ಸೋತಿರಲಿಲ್ಲ. ಕೋಲನ್ನು ಜಲ್ಲಿಯಲ್ಲಿ ಊರಿ ಇನ್ನೇನು ಹೆಜ್ಜೆ ಎತ್ತಬೇಕು, ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ಹೆಣ್ಣುದನಿ, ತಪ್ಪು ಒಪ್ಪಿಕೊಳ್ಳುವವರ ಹಾಗೆ ಮೆಲ್ಲಗೆ, "ಹದಿನಾಕು. ಮುಗೀತು," ಎಂದಿತು.

ಯಾದುಲ್ಲಾ ತಿರುಗಿದ. ನಾಲ್ಕು ಮಾರು ಕೆಳಗೆ ಫರಾನಕ್ ನಿಂತಿದ್ದಳು. ದೊರೂದ್ ರೈಲು ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ತಂಡಕ್ಕೆ ಸೇರಿ ಎರಡು ವರ್ಷವಾಗಿತ್ತು. ತಲೆವಸ್ತ್ರದ ಮೇಲೆ ಬಿಸಿಲಿನ ಟೊಪ್ಪಿಗೆ ಎಳೆದುಕೊಂಡು ತನ್ನ ಬೂಟುಗಳನ್ನೇ ನೋಡುತ್ತಿದ್ದಳು.

"ನೀ ಯಾವಾಗ ಹಿಂದ ಉಳದಿ ಯವ್ವಾ?"

"ಝರಿ ಹತ್ರ ಬಾಟ್ಲಿ ತುಂಬಾಕ ನಿಂತಿದ್ನಿ ಕಾಕಾ."

"ನನಗೊಂದು ಮಾತು ಹೇಳಬಾರದೇನು? ಇರ್ಲಿ. ನಡಿ, ಮುಂದ ನಡಿ."

"ನೀವು ನಡೀರಿ."

"ನಾ ಹೆಂಗ ನಡೀಲಿ? ನೀ ಹ್ವಾದ ಮ್ಯಾಲ ಅಲ್ಲೇನು ನಾ ಹೋಗೂದು?"

"ಇವತ್ತೊಂದಿನ ನೀವ ಮುಂದ ನಡೀರಿ ಕಾಕಾ. ನಾ ಬರ್ತೀನಿ."

ವಾರದ ರಜೆಯಾದ ಶುಕ್ರವಾರ ಬೆಟ್ಟ ಹತ್ತುವ ನಮ್ಮ ದೊರೂದಿನ ತಂಡಕ್ಕೆ ಒಳ್ಳೆಯ ಹಗ್ಗವಿಲ್ಲ, ಸ್ವಂತ ವಾಹನವಿಲ್ಲ, ಆದರೆ ನಿಯಮಗಳಿಗೇನೂ ಬರವಿಲ್ಲ. ಬೆಟ್ಟದ ಮೇಲೆ ಒಂದೇ ಸಾಲು. ಮುಂದೆ ದಾರಿ ಬಲ್ಲ ನಾಯಕ. ಅವನನ್ನು ಯಾರೂ ದಾಟಬಾರದು. ಕೊನೆಗೆ ಹಿಂಗಾವಲಿನವನು, ಅವನು ಯಾರನ್ನೂ ದಾಟಬಾರದು. ಯಾರಿಗಾದರೂ ಕಾಲು ಹಿಡಿಯಲಿ, ಹೊಟ್ಟೆ ಕೆಡಲಿ, ಬಂಡೆಯ ಮರೆಗೆ ಹೋಗುವ ಅವಸರ ಬರಲಿ, ಅವರು ವಾಪಸು ಸಾಲಿಗೆ ಸೇರುವ ತನಕ ಹಿಂಗಾವಲಿನವನು ಕಲ್ಲಿನ ಹಾಗೆ ನಿಲ್ಲಬೇಕು. ಗಂಟೆಗೊಮ್ಮೆ ಎಣಿಕೆ. ಒಂದು, ಎರಡು, ಮೂರು ಎಂದು ಬಾಯಿಂದ ಬಾಯಿಗೆ ಸಂಖ್ಯೆ ಹಿಂದಕ್ಕೆ ಬರುತ್ತದೆ. ಕೊನೆಯವನು ತನ್ನ ಸಂಖ್ಯೆ ಹೇಳಿ 'ಮುಗೀತು' ಎಂದು ಕೂಗಿದರೆ ಎಲ್ಲರೂ ಇದ್ದಾರೆ ಎಂದು ಅರ್ಥ, ಸಾಲು ಹೊರಡುತ್ತದೆ. ಮೂವತ್ತೊಂದು ವರ್ಷದಿಂದ ಆ ಕೊನೆಯ ಮಾತು ಯಾದುಲ್ಲಾನದಾಗಿತ್ತು. ನಾಯಕರು ಆರೇಳು ಮಂದಿ ಬಂದು ಹೋದರು, ಮೊಣಕಾಲು ಹೋಯಿತು ಎಂದವರು ಹೋದರು, ಮದುವೆಯಾದವರು ಹೋದರು. ಹಿಂಗಾವಲು ಮಾತ್ರ ಬದಲಾಗಲಿಲ್ಲ.

ಈಗ ನೋಡಿದರೆ ಉಷ್ತುರಾನ್ ಬೆಟ್ಟದ ಎರಡು ಶಿಖರಗಳ ನಡುವಿನ ಕಣಿವೆದಾರಿಗೆ ಹತ್ತುವ ಏರಿನಲ್ಲಿ, ಬೆಳಗಿನ ಏಳು ಗಂಟೆಯ ಚಳಿಯಲ್ಲಿ, ಇಬ್ಬರು ಎದುರುಬದರಾಗಿ ನಿಂತಿದ್ದರು. ಯಾರೊಬ್ಬರೂ ಮುಂದೆ ಹೋಗಲೊಲ್ಲರು. ಯಾದುಲ್ಲಾ ಕೂತು ನೀರು ಕುಡಿದ. ಅವಳೂ ಕೂತಳು. ಅವನು ಬೂಟು ಬಿಚ್ಚಿ ಕೊಡವಿದ. ಒಂದು ಹರಳೂ ಬೀಳಲಿಲ್ಲ. ಅವಳು ಆಕಾಶ ನೋಡಿದಳು, ಅಲ್ಲಿ ಏನೋ ಬರೆದಿದೆ ಎನ್ನುವಂತೆ. ಮೇಲೆ ಸಾಲು ತಿರುವಿನಲ್ಲಿ ಮರೆಯಾಯಿತು.

"ಯಾರು ಹೇಳಿದ್ರು ನಿನಗ?" ಎಂದು ಕೇಳಿದ.

"ಏನು?"

"ಮಂಗ್ಯಾನಂಗ ಮಾಡಬ್ಯಾಡ. ನನ್ನ ಹಿಂದ ನಿಲ್ಲು ಅಂತ ಯಾರು ಹೇಳಿದ್ರು?"

ಫರಾನಕ್ ತುಟಿ ಕಚ್ಚಿದಳು. "ಕಾಮ್ರಾನ್ ಸರ್. ಕಾಕಾಗ ಗೊತ್ತಾಗದಂಗ ಹಿಂದ ಇರು ಅಂದ್ರು."

"ಗೊತ್ತಾಗದಂಗ! ಭಾಳ ಚಲೋ ಗೊತ್ತಾಗದಂಗ ಇದ್ದಿ ನೋಡು."

"ನಾ ಬಾಯಿ ಮುಚ್ಕೊಂಡ ಇರಬೇಕಾಗಿತ್ತು," ಎಂದಳು ಅವಳು. ಕಣ್ಣಲ್ಲಿ ನೀರಾಡಿತ್ತು. "ಆದ್ರ ನೀವು ಹದಿಮೂರಕ್ಕ ಮುಗೀತು ಅಂದ್ರಿ ಕಾಕಾ. ನಾವು ಬಂದದ್ದು ಹದಿನಾಕು ಮಂದಿ. ಸುಮ್ನಿರಾಕ ಆಗಲಿಲ್ಲ ನನಗ."

ಯಾದುಲ್ಲಾನ ಕೈ ಬೂಟಿನ ಮೇಲೆಯೇ ನಿಂತಿತು. ಹದಿನಾಲ್ಕು. ನಿನ್ನೆ ಸಂಜೆ ಮಿನಿಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದವನು ಅವನೇ. ರಾತ್ರಿ ತಂಗಿದ ಬೆಟ್ಟದ ಆಶ್ರಯಮನೆಯಲ್ಲಿ ಹದಿನಾಲ್ಕು ಲೋಟ ಚಹಾ ಸುರಿದವನೂ ಅವನೇ. ಈಗ ಸಫರ್ ಹನ್ನೆರಡು ಅಂದ, ನಾನು ಹದಿಮೂರು ಅಂದೆ, ಮುಗೀತು ಅಂದೆ. ಝರಿಯ ಪಕ್ಕದಲ್ಲಿ ಬಗ್ಗಿದ್ದ ಹುಡುಗಿಯನ್ನು ದಾಟಿಕೊಂಡು ಬಂದೆ.

ಅವನ ಬದುಕೆಲ್ಲ ಸಾಲಿನ ಕೊನೆಯಲ್ಲೇ ಕಳೆದಿತ್ತು. ಇಪ್ಪತ್ತೊಂಬತ್ತು ವರ್ಷ ಗೂಡ್ಸ್ ಗಾಡಿಯ ಗಾರ್ಡು. ಕಟ್ಟಕಡೆಯ ಡಬ್ಬಿಯಲ್ಲಿ ಒಂದು ಲಾಂದ್ರ, ಒಂದು ಚಹಾದ ಕೆಟಲು ಇಟ್ಟುಕೊಂಡು, ಸುರಂಗದಿಂದ ಸುರಂಗಕ್ಕೆ ಅಂದಿಮೇಶ್ಕ್ ನಿಲ್ದಾಣದ ತನಕ ಒಬ್ಬನೇ ಹೋಗಿ ಒಬ್ಬನೇ ಬಂದವನು. ಹೆಂಡತಿ ಹನ್ನೊಂದು ವರ್ಷದ ಹಿಂದೆ ಅಹ್ವಾಜಿನ ಅಕ್ಕನ ಮನೆಗೆ ಒಂದು ತಿಂಗಳಿಗೆಂದು ಹೋದವಳು ಅಲ್ಲೇ ಉಳಿದಳು. ಜಗಳವೇನೂ ಇರಲಿಲ್ಲ. ಫೋನು ಮಾಡಿದಾಗ, "ನಿಮಗ ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ," ಎಂದಿದ್ದಳು. ಈಗ ನಿಲ್ದಾಣದ ಹಿಂದಿನ ಒಂದೇ ಕೋಣೆಯಲ್ಲಿ ಶನಿವಾರದಿಂದ ಬುಧವಾರದವರೆಗೆ ಅವನು ಮಾತಾಡುವುದು ರೊಟ್ಟಿ ಅಂಗಡಿಯಲ್ಲಿ ಮಾತ್ರ: "ಎರಡು." ಗುರುವಾರ ಮೊಟ್ಟೆ ಬೇಯಿಸಿ, ಅಕ್ರೋಟು ಕಟ್ಟಿಕೊಂಡು, ಚೀಲ ಹೆಗಲಿಗೇರಿಸಿದರೆ ಮಾತ್ರ ಅವನು ಮನುಷ್ಯರಲ್ಲಿ ಒಬ್ಬ. ಹಿಂಗಾವಲಿನವನೊಂದಿಗೆ ಬೆಟ್ಟದ ಮೇಲೂ ಯಾರೂ ಮಾತಾಡುವುದಿಲ್ಲ, ನಿಜ. ಆದರೆ ಅವನ 'ಮುಗೀತು' ಕೇಳದೆ ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ಕಾಲೆತ್ತುವಂತಿಲ್ಲ. ಅದು ಹೋದರೆ ತನ್ನ ಹತ್ತಿರ ಇನ್ನೇನೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಯವಾಯಿತು. ಬೆಟ್ಟದಲ್ಲಿ ಹಿಮ ಜಾರಿದಾಗಲೂ ಆಗದಂಥ ಭಯ.

"ಇದ ಮೊದಲ ಸಲ ಅಲ್ಲ ಹೌದಿಲ್ಲೋ?" ಎಂದ.

ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು.

"ಹೇಳವಾ. ಅಂಗಡ್ಯಾಗ ಮಂದಿಗೆಲ್ಲಾ ಕಹಿ ಗುಳಿಗಿ ಕೊಡ್ತೀ ಅಲ್ಲ, ನನಗೂ ಒಂದು ಕೊಡು."

"ಹ್ವಾದ ತಿಂಗಳು," ಎಂದಳು. "ಸಫರ್ ಅಣ್ಣ."

ಯಾದುಲ್ಲಾನಿಗೆ ತಟ್ಟನೆ ನೆನಪಾಯಿತು. ಹೋದ ತಿಂಗಳು ಮಂಜು ಮುಸುಕಿದ ದಿನ ಸಾಲು ಕೆಳಗಿಳಿದು ಮಿನಿಬಸ್ಸಿನ ಹತ್ತಿರ ಸೇರಿದಾಗ ಸಫರ್ ಇರಲಿಲ್ಲ. ಭಟ್ಟಿಯಲ್ಲಿ ರೊಟ್ಟಿ ಸುಡುವ ಸಫರ್, ಐವತ್ತರ ಗಂಡಸು, ಎರಡು ಗಂಟೆ ತಡವಾಗಿ ಕುಂಟುತ್ತ ಬಂದಿದ್ದ. ಮೇಲಿನ ದಾರಿಯಲ್ಲಿ ನನ್ನ ಚಿಕ್ಕಪ್ಪನ ಮಗನ ಕುರಿದೊಡ್ಡಿಗೆ ಹೋಗಿದ್ದೆ, ಮೊಸರು ಕುಡಿಯುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ ಎಂದಿದ್ದ. ಯಾದುಲ್ಲಾ ಎಲ್ಲರೆದುರಿಗೆ ಅವನಿಗೆ ಛೀಮಾರಿ ಹಾಕಿದ್ದ. ಸಾಲು ಅಂದರೆ ನಿಮ್ಮಪ್ಪನ ಹಿತ್ತಲೇನು, ಬೇಕಾದಾಗ ಬಿಟ್ಟು ಹೋಗಾಕ? ಮಂಜಿನ್ಯಾಗ ಸತ್ತಿದ್ರ ನಿನ್ನ ಹೆಂಡ್ತಿಗೆ ಯಾರು ಹೇಳಬೇಕಿತ್ತು? ಸಫರ್ ತಲೆ ಬಗ್ಗಿಸಿ, "ತಪ್ಪಾತು ಕಾಕಾ, ನಿಮ್ಮ ಮಾತು ಖರೆ," ಎಂದಿದ್ದ.

"ದೊಡ್ಡಿಗೆ ಹೋಗಿರಲಿಲ್ಲೇನು ಅವ?"

"ಬಂಡೆ ಮರೀಗೆ ಕುಂತಿದ್ರಂತ. ಎದ್ದು ಬರೂದ್ರಾಗ ಯಾರೂ ಇಲ್ಲ. ಮಂಜಿನ್ಯಾಗ ಬಿದ್ದು ಮೊಣಕಾಲು ಒಡಕೊಂಡ್ರು. ಮರುದಿನ ನಾನ ಪಟ್ಟಿ ಕಟ್ಟಿದ್ನಿ. ಕಾಕಾಗ ಗೊತ್ತಾದ್ರ ಅವರು ಬೆಟ್ಟದ ಕಡೆ ಮತ್ತ ಮುಖ ಹಾಕಂಗಿಲ್ಲ, ಯಾರಿಗೂ ಹೇಳಬ್ಯಾಡ ಅಂದ್ರು. ಆದ್ರ ಎಲ್ಲಾರಿಗೂ ಗೊತ್ತೈತಿ."

ಎಲ್ಲರಿಗೂ ಗೊತ್ತಿತ್ತು. ಒಂದು ತಿಂಗಳಿಂದ ಎಲ್ಲರೂ ಅವನಿಗೆ ಚಹಾ ಕೊಟ್ಟಿದ್ದರು, ನಿಮ್ಮ ನೆರಳು ನಮ್ಮ ಮೇಲಿರಲಿ ಎಂದಿದ್ದರು. ನಮ್ಮವರ ಮರ್ಯಾದೆಯೇ ಇಂಥದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಿರಿಯನಿಗೆ ನಿನ್ನ ಕಣ್ಣು ಮಂದವಾಯಿತು ಎನ್ನುವುದಕ್ಕಿಂತ ಅವನ ಹಿಂದೆ ಗುಟ್ಟಾಗಿ ಇನ್ನೊಂದು ಕಣ್ಣು ಇಟ್ಟರಾಯಿತು.

ಯಾದುಲ್ಲಾ ಬೂಟು ಕಟ್ಟಿಕೊಂಡು ಎದ್ದ. ಸಾಲಿನಿಂದ ಇಬ್ಬರು ಹರಿದು ಹಿಂದೆ ಉಳಿಯುವುದು ಇನ್ನೂ ದೊಡ್ಡ ತಪ್ಪು, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಏನೂ ಹೇಳದೆ ಏರಿನ ಕಡೆ ತಿರುಗಿ ಹೆಜ್ಜೆ ಹಾಕಿದ. ಹಿಂದೆ ಅವಳ ಬೂಟಿನ ಸದ್ದು ಹೊರಟಿತು. ತನ್ನ ಹೆಜ್ಜೆಯ ಹಿಂದೆ ಇನ್ನೊಬ್ಬರ ಹೆಜ್ಜೆ ಕೇಳುತ್ತ ಅವನು ಎಂದೂ ನಡೆದಿರಲಿಲ್ಲ. ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ಎರಡು ಸಲ ತಿರುಗಿ ನೋಡಿದ. ಎರಡು ಸಲವೂ ಅವಳು ಪಾಪದ ನಗೆ ನಕ್ಕಳು.

ಕಣಿವೆದಾರಿಯ ನೆತ್ತಿ ಮುಟ್ಟುವಾಗ ಹತ್ತು ಗಂಟೆ. ಗಾಳಿ ಎದುರಿನಿಂದ ಹೊಡೆಯಿತು, ಕಾಲಡಿಯಲ್ಲಿ ಗಹರ್ ಸರೋವರ ಬಿತ್ತು. ನೀಲಿಯೂ ಅಲ್ಲದ ಹಸಿರೂ ಅಲ್ಲದ ನೀರು, ಅದರ ಬಾಯಿಯಲ್ಲಿ ಜೊಂಡು, ದಂಡೆಯಲ್ಲಿ ಊರಿನವರು ಹಾಕಿದ ಡೇರೆಗಳು, ಮೀನು ಸುಡುವ ಹೊಗೆ. ಎಲ್ಲರೂ ಚೀಲ ಇಳಿಸಿ ಕೂತಿದ್ದರು. ಹೆಂಗಸರು ರೊಟ್ಟಿ ಬಿಚ್ಚಿದ್ದರು. ಯಾದುಲ್ಲಾ ಬಂದ, ಅವನ ಹಿಂದೆ ಫರಾನಕ್ ಬಂದಳು. ಆ ಕ್ರಮ ನೋಡಿದ್ದೇ ಮಾತುಗಳು ಒಂದೊಂದಾಗಿ ನಿಂತವು.

"ದಣಿವಾಗದಿರಲಿ ಕಾಕಾ," ಎಂದ ಸಫರ್ ಅವಸರದಿಂದ, ಖರ್ಜೂರದ ಡಬ್ಬಿ ಮುಂದೆ ಹಿಡಿದು. "ಬರ್ರಿ, ಇಲ್ಲಿ ಗಾಳಿ ಇಲ್ಲ. ಚಹಾ ಬಿಸಿ ಐತಿ."

ಯಾದುಲ್ಲಾ ಖರ್ಜೂರ ತೆಗೆದುಕೊಂಡ. ಸಫರ್‌ನ ಬಲ ಮೊಣಕಾಲನ್ನು ನೋಡಿದ. ಪ್ಯಾಂಟಿಗೆ ಅಲ್ಲಿ ಒಂದು ತೇಪೆ ಇತ್ತು, ಹೆಂಡತಿ ನೀಟಾಗಿ ಹೊಲಿದದ್ದು. ಇಷ್ಟು ದಿನ ಅದು ಕಣ್ಣಿಗೆ ಬಿದ್ದಿರಲೇ ಇಲ್ಲ. ಖರ್ಜೂರವನ್ನು ಕೈಯಲ್ಲೇ ಹಿಡಿದು ಸರೋವರದ ಕಡೆ ತಿರುಗಿ ಕೂತ.

ಕಾಮ್ರಾನ್ ಹುಡುಗಿಯ ಮುಖ ನೋಡಿದ, ಮುದುಕನ ಬೆನ್ನು ನೋಡಿದ, ನಡೆದದ್ದು ತಿಳಿಯಿತು. ಶಾಲೆಯಲ್ಲಿ ಆಟದ ಮೇಷ್ಟ್ರು ಅವನು. ಮಕ್ಕಳ ಜಗಳ ಬಿಡಿಸಿ ಅಭ್ಯಾಸ. ಎದ್ದು ನಿಂತು ಕೈ ಚಪ್ಪಾಳೆ ಹೊಡೆದ.

"ಕೇಳ್ರಿ ಎಲ್ಲಾರೂ! ಮೂವತ್ತೊಂದು ವರ್ಷ ನಮ್ಮ ಧೂಳು ಕುಡಕೋತ ಹಿಂದ ಬಂದಾರ ಯಾದುಲ್ಲಾ ಕಾಕಾ. ಹಿರ್ಯಾರ ಜಾಗಾ ಮುಂದ. ಇವತ್ತ ಇಲ್ಲಿಂದ ಸರೋವರದ ತನಕ ಅವರ ನಾಯಕ. ನಾವೆಲ್ಲಾ ಅವರ ಹಿಂದ!"

"ಹೌದೌದು!" ಎಂದರು ಎಲ್ಲರೂ. ಚಪ್ಪಾಳೆ ಬಿತ್ತು. ಯಾರೋ ಸಿಳ್ಳೆ ಹಾಕಿದರು.

"ಬ್ಯಾಡ ಬ್ಯಾಡ," ಎಂದ ಯಾದುಲ್ಲಾ. "ನಾನೇನು, ನೀವಿದ್ದೀರಿ."

"ನೀವು ಇರೂತನಕ ನಾವ್ಯಾರು ಕಾಕಾ?"

"ಖರೇನ ಬ್ಯಾಡ ಕಾಮ್ರಾನಾ. ನನಗ ಅದು ಬರಂಗಿಲ್ಲ."

"ನಿಮಗ ಬರದಿದ್ರ ಯಾರಿಗೆ ಬರ್ತೈತಿ? ಕಾಲು ಬೀಳ್ತೀನಿ ನೋಡ್ರಿ."

ಎರಡು ಸಲ ಬೇಡವೆನ್ನುವುದು ನಮ್ಮಲ್ಲಿ ಸಭ್ಯತೆ. ಮೂರನೆಯ ಸಲವೂ ಬೇಡವೆಂದರೆ ಎದುರಿನವರ ಮುಖಕ್ಕೆ ಹೊಡೆದ ಹಾಗೆ. ಯಾದುಲ್ಲಾ ಖರೆ ಹೇಳಿದ್ದ, ಆದರೆ ಖರೆ ಬೇಡವೂ ಮರ್ಯಾದೆಯ ಬೇಡವೂ ಕಿವಿಗೆ ಒಂದೇ ಥರ ಕೇಳಿಸುತ್ತದೆ. ಮೂರನೆಯ ಸಲ ಅವನು ಎದ್ದು ಕೋಲು ಹಿಡಿದ.

ಮುಂದೆ ಬೆನ್ನೊಂದೂ ಇರಲಿಲ್ಲ. ಅದೇ ಮೊದಲು ಅನಿಸಿದ್ದು. ಬೆಟ್ಟ, ಗಾಳಿ, ಕೆಳಗೆ ನೀರು, ಅಷ್ಟೆ. ಹತ್ತು ಹೆಜ್ಜೆ ಸುಲಭವಾಗಿ ಇಳಿದ. ಆಮೇಲೆ ಬಂಡೆಯ ಮೂತಿಯೊಂದು ಎದುರಾಗಿ ಇಳಿಜಾರು ಎರಡು ಕೊರಕಲುಗಳಾಗಿ ಒಡೆಯಿತು, ಒಂದು ಎಡಕ್ಕೆ, ಒಂದು ಬಲಕ್ಕೆ. ಯಾದುಲ್ಲಾ ಈ ಇಳಿಜಾರನ್ನು ಹನ್ನೊಂದು ಸಲ ಇಳಿದಿದ್ದ. ಯಾರು ಎಲ್ಲಿ ಜಾರಿದರು, ಯಾರು ಎಲ್ಲಿ ಅತ್ತರು, ಯಾವ ಕಲ್ಲಿನ ಮೇಲೆ ಯಾರಿಗೆ ತೊಡೆ ಹಿಡಿಯಿತು, ಎಲ್ಲ ಹೇಳಬಲ್ಲ. ಎಡವೋ ಬಲವೋ ಮಾತ್ರ ಗೊತ್ತಿರಲಿಲ್ಲ. ಹನ್ನೊಂದು ಸಲವೂ ಅವನು ನೋಡಿದ್ದು ಮುಂದಿನವರ ಹಿಮ್ಮಡಿ.

ಹಿಂದೆ ಹದಿಮೂರು ಮಂದಿ ನಿಂತಿದ್ದರು. ಕೇಳಿದರಾಗುತ್ತಿತ್ತು. ನಾಯಕನೆಂದು ಚಪ್ಪಾಳೆ ಹೊಡೆಸಿಕೊಂಡು ಐದು ನಿಮಿಷವಾಗಿಲ್ಲ, ದಾರಿ ಯಾವುದು ಎಂದು ಕೇಳಲು ನಾಲಿಗೆ ಏಳಲಿಲ್ಲ. ಎಡಗಡೆಯದು ಅಗಲವಾಗಿ, ಮೆತ್ತಗೆ ಕಂಡಿತು. ಎಡಕ್ಕೆ ಇಳಿದ.

"ಕಾಕಾ," ಎಂದ ಕಾಮ್ರಾನ್ ಸ್ವಲ್ಪ ಹೊತ್ತಿಗೆ, "ಬಲಗಡೆ ಗಾಳಿ ಕಮ್ಮಿ ಇರ್ತೈತಿ, ಅಲ್ಲಾ?"

"ಇಲ್ಲೇನ ಗಾಳಿ ಇಲ್ಲಲ್ಲ," ಎಂದ ಯಾದುಲ್ಲಾ.

"ಇಲ್ಲ ಇಲ್ಲ. ನೀವು ಹೇಳಿದ್ದು ಬರೋಬ್ಬರಿ."

ಸಾಲು ಇಳಿಯಿತು. ಅವನ ಹಿಂದೆ ಸಫರ್, ಅವನ ಹಿಂದೆ ಕಾಮ್ರಾನ್, ಕಟ್ಟಕಡೆಗೆ ಫರಾನಕ್. ಕೊರಕಲು ಕಿರಿದಾಯಿತು. ಎರಡೂ ಬದಿಗೆ ಬಂಡೆ ಎದ್ದು ಒಬ್ಬರ ಪಕ್ಕ ಇನ್ನೊಬ್ಬರು ನಿಲ್ಲುವಂತಿಲ್ಲ. ಕಾಲಡಿಯ ಜಲ್ಲಿ ಸಡಿಲಾಗಿತ್ತು. ಮುಳ್ಳುಪೊದೆಗಳೂ ನಿಂತುಹೋದವು, ಕುರಿ ತುಳಿದ ಗುರುತಿಲ್ಲ, ಹಿಕ್ಕೆಯಿಲ್ಲ. ಆಗ ಯಾದುಲ್ಲಾ ಒಂದು ವಿಷಯ ಗಮನಿಸಿದ: ಹಿಂದೆ ಯಾರೂ ಮಾತಾಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಹಿಂದಿನಿಂದ ಸಾಲಿನ ಸದ್ದು ಕೇಳಿದವನು ಅವನು. ಇಳಿಯುವಾಗ ನಮ್ಮ ಜನ ಬಾಯಿ ಮುಚ್ಚುವವರಲ್ಲ. ಹಾಡು, ಹರಟೆ, ಯಾರದೋ ಮದುವೆಯ ಊಟದ ಟೀಕೆ. ನಾಯಕ ದಾರಿ ತಪ್ಪಿದ್ದಾನೆ, ಅದು ತನಗೆ ಗೊತ್ತಿದೆ, ಹೇಳುವುದು ಹೇಗೆ ಎಂದು ಎಲ್ಲರೂ ಯೋಚಿಸುವಾಗ ಮಾತ್ರ ಸಾಲು ಹೀಗೆ ಮೌನವಾಗುತ್ತದೆ.

ಅವನ ಕೋಲಿಗೆ ತಾಗಿ ಒಂದು ಕಲ್ಲು ಉರುಳಿತು. ಉರುಳಿ, ಪುಟಿದು, ಎಂಟು ಮಾರು ಮುಂದೆ ಕೊರಕಲಿನ ತುದಿಯಲ್ಲಿ ಇಲ್ಲವಾಯಿತು. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಸಣ್ಣ ಟಕ್ ಕೇಳಿತು. ತುದಿಯಾಚೆ ಬರೀ ಸರೋವರದ ನೀರು ಕಾಣುತ್ತಿತ್ತು, ನಡುವೆ ನೆಲವೇ ಇರಲಿಲ್ಲ.

ಯಾದುಲ್ಲಾ ನಿಂತ. ಹಿಂದಿನವರೂ ನಿಂತರು.

"ಸಫರ್," ಎಂದ ತಿರುಗದೆಯೇ. "ದಾರಿ ಇದ ಏನು?"

ಸಫರ್ ಅರ್ಧ ಹೆಜ್ಜೆ ಹಿಂದಕ್ಕಿಟ್ಟ. "ನೀವು ಹ್ವಾದದ್ದ ದಾರಿ ಕಾಕಾ."

ಆಗ ಮುದುಕನಿಗೆ ಎಲ್ಲಿತ್ತೋ ಸಿಟ್ಟು ಬಂತು. "ನಿಮ್ಮ ಬಾಯಾಗ ಮಣ್ಣು ಹಾಕ!" ಎಂದು ತಿರುಗಿ ಕೂಗಿದ. ಬಂಡೆಗಳ ನಡುವೆ ಕೂಗು ದೊಡ್ಡದಾಯಿತು. "ಹದಿಮೂರು ಮಂದಿ ಅದೀರಿ, ಒಬ್ಬರಿಗರ ನಾಲಿಗಿ ಇಲ್ಲೇನು? ನಾ ಇನ್ನೊಂದ್ ಹೆಜ್ಜಿ ಇಟ್ಟಿದ್ರ ನೀವೂ ಇಡಾವ್ರೇನು? ಮರ್ಯಾದಿಗೆ ಸಾಯ್ತೀರೇನ್ ಹುಚ್ಚರಾ? ನನಗ ದಾರಿ ಗೊತ್ತಿಲ್ಲ! ಗೊತ್ತಿಲ್ಲ! ಯಾವತ್ತೂ ಗೊತ್ತಿರಲಿಲ್ಲ!"

ಕಾಮ್ರಾನ್ ಕಿವಿತನಕ ಕೆಂಪಾಗಿದ್ದ. "ಇನ್ನ ಹತ್ತ ಹೆಜ್ಜಿಗೆ ಹೇಳಾವ ಇದ್ನಿ ಕಾಕಾ," ಎಂದು ಗೊಣಗಿದ.

"ಹತ್ತ ಹೆಜ್ಜಿಗೆ ನಾ ಸರೋವರದಾಗ ಮೀನಿಗೆ ಸಲಾಮ್ ಹೇಳ್ತಿದ್ನಿ." ಅವನ ಸಿಟ್ಟು ಅಲ್ಲಿಗೇ ಮುಗಿಯಿತು. ಬಂಡೆಗೆ ಒರಗಿ ಸಫರ್‌ನ ಮುಖ ನೋಡಿದ. "ಸಫರ್, ಅವತ್ತ ನಿನ್ನ ಮಂಜಿನ್ಯಾಗ ಬಿಟ್ಟ ಬಂದಾವ ನಾನು. ಮ್ಯಾಲ ನಿನಗ ಬೈದ್ನಿ. ನಿಮ್ಮಪ್ಪನ ಹೆಸರು ತಗದ್ನಿ."

"ಯಾವತ್ತು ಕಾಕಾ?" ಎಂದ ಸಫರ್. ಮುಖ ಬಿಳಚಿಕೊಂಡಿತ್ತು, ಆದರೂ ಸುಳ್ಳು ಬಿಡಲಿಲ್ಲ. "ನಾ ದೊಡ್ಡಿಗೆ ಹೋಗಿದ್ನಿ. ಚಿಕ್ಕಪ್ಪನ ಮಗ ಮೊಸರು ಕೊಟ್ಟಿದ್ದ. ಹುಳಿ ಮೊಸರು."

"ನಿನಗ ಚಿಕ್ಕಪ್ಪನ ಮಗ ಇಲ್ಲೋ ಮಾರಾಯ. ನಿಮ್ಮಪ್ಪ ಅವರಪ್ಪಗ ಒಬ್ಬಾವ ಮಗ."

ಸಫರ್ ಟೊಪ್ಪಿಗೆ ಸರಿಮಾಡಿಕೊಂಡ. "ದೂರದಾವ," ಎಂದ. "ಅವ್ವನ ಕಡ್ಯಾಂವ."

ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಯಾದುಲ್ಲಾನಿಗೂ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

ವಾಪಸು ಹತ್ತುವುದೊಂದೇ ದಾರಿ. ಕೊರಕಲಿನಲ್ಲಿ ಒಬ್ಬರನ್ನೊಬ್ಬರು ದಾಟುವಷ್ಟು ಜಾಗವಿಲ್ಲ. ನಿಂತಲ್ಲೇ ಎಲ್ಲರೂ ತಿರುಗಬೇಕು. ಕಾಮ್ರಾನ್ ಕೂಗಿ ಹೇಳಿದ, ಮಾತು ಮೇಲಕ್ಕೆ ಬಾಯಿಂದ ಬಾಯಿಗೆ ಹೋಯಿತು. ಹದಿಮೂರು ಬೆನ್ನುಗಳು ಯಾದುಲ್ಲಾನ ಕಡೆ ತಿರುಗಿದವು. ಕೊನೆಗಿದ್ದ ಫರಾನಕ್ ಈಗ ಎಲ್ಲರಿಗಿಂತ ಮುಂದೆ. ಮುಂದಿದ್ದ ಯಾದುಲ್ಲಾ ಎಲ್ಲರಿಗಿಂತ ಹಿಂದೆ.

ಸಾಲು ಹೊರಟಿತು. ಕಣ್ಣೆದುರಿಗೆ ಸಫರ್‌ನ ಚೀಲ, ಅದರ ಮೇಲೆ ಕಟ್ಟಿದ ಕರಿ ಹಿಡಿದ ಕೆಟಲು, ಬಲಗಾಲು ಸ್ವಲ್ಪ ಎಳೆಯುವ ನಡಿಗೆ. ಯಾದುಲ್ಲಾನ ಹಿಂದೆ ಯಾರೂ ಇರಲಿಲ್ಲ. ಹತ್ತುವವರ ಕಾಲಿಂದ ಜಲ್ಲಿ ಉರುಳಿದರೆ ಬೀಳುವುದು ಕೆಳಗಿದ್ದ ಅವನ ಮೇಲೆಯೇ. ಆ ಸಡಿಲ ಕೊರಕಲಿನಲ್ಲಿ ಆ ಜನ ಒಂದೊಂದು ಹೆಜ್ಜೆಯನ್ನೂ ಇಟ್ಟು, ಒತ್ತಿ ನೋಡಿ, ಆಮೇಲೆ ಭಾರ ಹಾಕುತ್ತಿದ್ದರು. ಮೇಲಿಂದ ಮೆಲ್ಲಗೆ, "ಇದು ಅಲ್ಲಾಡ್ತೈತಿ, ಕಾಕಾಗ ಹೇಳ್ರಿ," ಎಂದು ಮಾತು ಇಳಿದು ಬರುತ್ತಿತ್ತು. ಒಂದು ಹರಳೂ ಉರುಳಲಿಲ್ಲ. ಯಾದುಲ್ಲಾನಿಗೆ ಎದೆ ಹಗುರವಾಯಿತು. ಇಪ್ಪತ್ತು ನಿಮಿಷ ಹತ್ತಿರಬೇಕು. ಹೀಗೇ ಇನ್ನೊಂದು ಗಂಟೆ ಹತ್ತುವಂತಿದ್ದರೆ ಚೆನ್ನಾಗಿತ್ತು ಎನಿಸಿತು. ದಿನವೆಲ್ಲ ಹತ್ತುವಂತಿದ್ದರೂ ಅವನಿಗೆ ಬೇಸರವಿರಲಿಲ್ಲ. ಸುಖವೆಂದರೆ ಇದೇ ಇದ್ದಿರಬೇಕು ತನ್ನ ಪಾಲಿಗೆ, ಇಷ್ಟು ವರ್ಷ ಅದಕ್ಕೊಂದು ಹೆಸರಿಡಲು ಮಾತ್ರ ತೋಚಿರಲಿಲ್ಲ.

ನಡುವೆ ಒಮ್ಮೆ ಲೆಕ್ಕ ಹಾಕಿದ, ಬೆನ್ನುಗಳನ್ನು ನೋಡಿಕೊಂಡು, ತುಟಿ ಅಲ್ಲಾಡಿಸದೆ. ಹನ್ನೆರಡು ಬಂತು. ಮತ್ತೊಮ್ಮೆ ಎಣಿಸಿದ. ಹನ್ನೊಂದು. ಬಿಸಿಲಿಗೆ ಮೇಲಿನವರೆಲ್ಲ ಒಂದರೊಳಗೊಂದು ಸೇರಿಹೋಗಿದ್ದರು. ಕಣ್ಣುಜ್ಜಿಕೊಂಡು ಮೂರನೆಯ ಸಲ ಎಣಿಸಲು ಹೋಗಲಿಲ್ಲ.

ಕೊರಕಲು ತೆರೆದು ಮೂತಿ ಬಂಡೆ ಬಂತು. ಫರಾನಕ್ ಅಲ್ಲಿ ಪಕ್ಕಕ್ಕೆ ಸರಿದು ನಿಂತು, ಉಳಿದವರನ್ನೆಲ್ಲ ಮುಂದೆ ಬಿಟ್ಟಿದ್ದಳು. ಮೊದಲು ಮೇಲೆ ಬಂದವರು ಕಾದು ನಿಂತು ಕಾಮ್ರಾನನಿಗೆ ದಾರಿ ಬಿಟ್ಟಿದ್ದರು, ಅವನು ಆಗಲೇ ಬಲಗಡೆಯ ಇಳಿಜಾರಿಗೆ ತಿರುಗಿದ್ದ. ಕುರಿದಾರಿ ಬಿಳಿಯಾಗಿ ಸುತ್ತಿ ಸುತ್ತಿ ಸರೋವರದ ತನಕ ಕಾಣುತ್ತಿತ್ತು. ಒಬ್ಬೊಬ್ಬರಾಗಿ ಅವನ ಹಿಂದೆ ಇಳಿಯುತ್ತಿದ್ದರು. ಯಾರದೋ ಹಾಡು ಶುರುವಾಗಿತ್ತು. ಸಫರ್ ಹುಡುಗಿಯ ಪಕ್ಕದಿಂದ ಹಾದುಹೋದ. ಅವನ ಕೆಟಲಿನ ಸದ್ದೂ ಇಳಿಯಿತು.

ಯಾದುಲ್ಲಾ ಬಂಡೆಯ ಹತ್ತಿರ ಬಂದು ನಿಂತ. ಫರಾನಕ್ ದಾರಿಯ ಪಕ್ಕದಲ್ಲಿ ಒಂದು ಮೊಣಕಾಲೂರಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. ಲೇಸಿಗೆ ಎರಡು ಗಂಟು ಬಿದ್ದು ಬಿಗಿಯಾಗಿಯೇ ಇತ್ತು. ಬೆರಳುಗಳು ಸುಮ್ಮನೆ ಅದರ ಮೇಲೆ ಆಡುತ್ತಿದ್ದವು. ಕಿವಿಗಳು ಕೆಂಪಾಗಿದ್ದವು. ಅವನು ಅಲ್ಲಿ ನಿಂತರೆ ಸಂಜೆಯ ತನಕವೂ ಅವಳು ಅದನ್ನೇ ಕಟ್ಟುತ್ತಿದ್ದಳು.

ಕೆಳಗೆ ನೀರಿನ ಮೇಲೆ ಗಾಳಿ ಓಡಾಡುತ್ತಿತ್ತು. ಅವನು ಅದನ್ನು ಒಂದು ಗಳಿಗೆ ನೋಡಿದ.

"ಬಿಗಿಯಾಗಿ ಕಟ್ಟಿಕೋ ಯವ್ವಾ," ಎಂದ. "ಇಳಿಜಾರೈತಿ."

ಆಮೇಲೆ ಅವಳನ್ನು ದಾಟಿ ಮುಂದೆ ನಡೆದ.